ಮಿಗೆಲಿನಾಳ ದನಿ

ನೀದಿಯಾ ನಕ್ಕ ರಭಸಕ್ಕೆ ಅವಳ ತಲೆ ಅಲುಗಿ, ಮಿಗೆಲಿನಾಳ ಕೈಯಲ್ಲಿದ್ದ ರೋಲರ್ ಜಾರಿತು. ಕೂದಲು ಸುತ್ತುವಾಗ ಅಲ್ಲಾಡಬೇಡವೆಂದು ಎಷ್ಟು ಸಲ ಸನ್ನೆ ಮಾಡಿದರೂ ಈ ಹೆಂಗಸಿನ ತಲೆಗೆ ಹೋಗುವುದಿಲ್ಲ. ಏನು ಅಷ್ಟು ನಗು ಎಂದು ಮಿಗೆಲಿನಾ ಕನ್ನಡಿಯಲ್ಲೇ ಹುಬ್ಬೇರಿಸಿದಳು. ಅವಳಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು; ಗಿರಾಕಿಗಳ ಮಾತನ್ನು ಕನ್ನಡಿಯಲ್ಲಿ ಕಾಣುವ ತುಟಿಗಳಿಂದ ಓದಿಕೊಳ್ಳುತ್ತಾಳೆ. ನೀದಿಯಾ ಮೊಬೈಲನ್ನು ಕಿವಿಯಿಂದ ಇಳಿಸಿ, ಏನಿಲ್ಲ, ಓಣಿಯವರ ಹರಟೆ ಎಂದಳು.

ಈ 'ಏನಿಲ್ಲ' ನೋಡಿ ನೋಡಿ ಮಿಗೆಲಿನಾಳಿಗೆ ಸಾಕಾಗಿತ್ತು. ಮುಂಚೆ ಓಣಿಯ ಸಭೆ ಮೆಟ್ಟಿಲ ಮೇಲೆ ನಡೆಯುತ್ತಿತ್ತು. ಯಾರು ಸಿಡುಕಿದರು, ಯಾರು ಮುಖ ಸಣ್ಣ ಮಾಡಿಕೊಂಡರು ಎಂಬುದಾದರೂ ಕಾಣುತ್ತಿತ್ತು. ಈಗ ಎಲ್ಲವೂ ಮೊಬೈಲಿನ ಗುಂಪಿನಲ್ಲಿ. ಅಲ್ಲಿಯೂ ಬರೆಯುವವರಿಲ್ಲ, ಬೆರಳು ಸವೆಯುತ್ತದೇನೋ ಎಂಬಂತೆ ಎಲ್ಲರೂ ವಾಯ್ಸ್ ಮೆಸೇಜ್ ಕಳಿಸುವವರೇ. ಮಾತನ್ನು ಅಕ್ಷರ ಮಾಡಿಕೊಡುವ ಆ್ಯಪ್ ಒಂದನ್ನು ಅವಳು ಹಾಕಿಕೊಂಡಿದ್ದಳು. ಒಸಾಮಾ ನದಿಯ ದಂಡೆಯ ಈ ಓಣಿಯವರು ಅರ್ಧ ಮಾತು ನುಂಗುವ ಪರಿಗೂ, ಹಿಂದೆ ಮೊಳಗುವ ಬಚಾತಾ ಹಾಡಿಗೂ ಅದು ಮೊದಲ ವಾರವೇ ಕೈಚೆಲ್ಲಿತು.

ಇವತ್ತು ಅವಳು ಬಿಡಲಿಲ್ಲ. ಕುರ್ಚಿಯನ್ನೇ ತನ್ನತ್ತ ತಿರುಗಿಸಿ, ಹೇಳು ಎಂಬಂತೆ ನಿಂತಳು. ನೀದಿಯಾ ನಿಧಾನವಾಗಿ ಹೇಳಿದಳು. ನಗರಸಭೆಯವರು ಈ ವರ್ಷ ಓಣಿಗೆ ಒಂದು ಕೆಲಸ ಮಾಡಿಕೊಡುತ್ತಾರಂತೆ. ಬ್ಯಾಸ್ಕೆಟ್‌ಬಾಲ್ ಅಂಗಳಕ್ಕೆ ಚಾವಣಿಯೋ, ಓಣಿಗೆ ದೀಪವೋ, ಓಣಿಯವರೇ ಆರಿಸಬೇಕು. ಬೆಳಗ್ಗೆಯಿಂದ ಗುಂಪಿನಲ್ಲಿ ಮತ ಹಾಕುತ್ತಿದ್ದಾರೆ, ಸಂಜೆಗೆ ಮುಗಿಯುತ್ತದೆ.

ಮಿಗೆಲಿನಾಳಿಗೆ ಹೊಟ್ಟೆ ಉರಿದುಹೋಯಿತು. ದೀಪ ಬೇಕೆಂದು ಮೊದಲು ಕೇಳಿದವಳೇ ಅವಳು. ಬೇರೆಯವರಿಗೆ ಕತ್ತಲೆಂದರೆ ಎಡವಿ ಬೀಳುವ ಭಯ. ಅವಳಿಗೂ, ಅವಳಂತೆಯೇ ಕಿವಿ ಕೇಳದ ಗಂಡ ಎಲ್ಪಿದಿಯೊನಿಗೂ ಕತ್ತಲಾದರೆ ಕೈಸನ್ನೆ ಕಾಣದೆ ಮಾತೇ ನಿಂತುಹೋಗುತ್ತದೆ. ಐಸ್ ಫ್ಯಾಕ್ಟರಿಯ ಕೆಲಸ ಮುಗಿಸಿ ಅವನು ಬಸ್ಸಿಳಿದಾಗ ಅವಳು ಎದುರುಗೊಳ್ಳಲು ಹೋಗುತ್ತಾಳೆ. ಅಲ್ಲಿಂದ ಮನೆಬಾಗಿಲವರೆಗೆ ಇಬ್ಬರೂ ಕೈಹಿಡಿದು ಸುಮ್ಮನೆ ನಡೆಯಬೇಕು.

ಅವಳು ತನ್ನ ಮೊಬೈಲ್ ತೆಗೆದು ಗುಂಪಿನಲ್ಲಿ 'ದೀಪ' ಎಂದು ಬರೆದಳು. ಕೂಡಲೇ ಓಣಿಯ ಕಾರ್ಯದರ್ಶಿ ಫ್ರೆಮಿಯೊ ಮೇಷ್ಟ್ರ ವಾಯ್ಸ್ ಮೆಸೇಜ್ ಬಂತು. ಕೇಳಿದ ನೀದಿಯಾಳ ಮುಖ ಬಾಡಿತು. ಬರೆದದ್ದು ಲೆಕ್ಕಕ್ಕಿಲ್ಲವಂತೆ. ಹೋದ ಸಲ ಯಾರೋ ಮಲಗಿದ್ದ ಅಜ್ಜಿಯ ಮೊಬೈಲಿನಿಂದ ಮತ ಬರೆದು ದೊಡ್ಡ ರಂಪವಾಗಿತ್ತು. ಅದಕ್ಕೇ ಈಗ ದನಿಯೇ ರುಜು. ಓಣಿಯಲ್ಲಿ ಯಾರ ದನಿ ಯಾರದೆಂದು ಎಲ್ಲರಿಗೂ ಗೊತ್ತಲ್ಲ.

"ನಿನ್ ಪರವಾಗಿ ನಾನೇ ಹೇಳ್ಬಿಡ್ತೀನಿ ಬಿಡೇ," ಎಂದಳು ನೀದಿಯಾ.

ಮಿಗೆಲಿನಾ ಬೇಡವೆಂದು ತಲೆಯಾಡಿಸಿದಳು. ನೀದಿಯಾ ಹೇಳಿದರೆ ಅದು ನೀದಿಯಾಳದೇ ಎರಡನೇ ಮತವಾಗುತ್ತದೆ. ನನಗೆ ದನಿಯಿಲ್ಲ ಎಂದು ಗಂಟಲು ಮುಟ್ಟಿ ಸನ್ನೆ ಮಾಡಿದಳು. ಶಾಲೆಯಲ್ಲಿ ಅವಳ ದನಿ ಕೇಳಿ ಹುಡುಗಿಯರು ನಕ್ಕ ದಿನವೇ ಅವಳು ಅದನ್ನು ಮುಚ್ಚಿಟ್ಟಿದ್ದಳು.

ನೀದಿಯಾ ಅವಳನ್ನು ವಿಚಿತ್ರವಾಗಿ ನೋಡಿದಳು.

"ಯಾರ್ ಹೇಳಿದ್ದು ಇಲ್ಲ ಅಂತ? ಗಂಡನ ಜೊತೆ ಜಗಳಕ್ಕೆ ನಿಂತ್ರೆ ನಿನ್ ದನಿ ಇಡೀ ಓಣಿಗೆ ಕೇಳ್ಸತ್ತೆ. ನೀನು ಥಟ್ಟಂತ ಸುಮ್ಮನಾದ್ರೆ, ನಿಮ್ಮನೇಲಿ ಕರೆಂಟ್ ಹೋಯ್ತು ಅಂತ ನಮಗೆ ಗೊತ್ತಾಗೋದು."

ಮಿಗೆಲಿನಾ ಅದನ್ನು ಇನ್ನೊಮ್ಮೆ ಹೇಳಿಸಿದಳು. ಕೈಯಲ್ಲಿ ಆಡಿದ ಜಗಳ ಗೋಡೆಯೊಳಗೇ ಉಳಿಯುತ್ತದೆಂದು ಇಷ್ಟು ವರ್ಷ ನಂಬಿದ್ದಳು. ನಾಚಿಕೆಯಿಂದ ಮುಖ ಕಾದುಹೋಯಿತು. ಅತ್ತೆಯ ವಿಷಯದ ಜಗಳವೂ ಕೇಳಿಸಿತ್ತೇ? ಹೊಸ ಶರಟು ಸುಟ್ಟದ್ದು? ಆಮೇಲೆ ನಾಚಿಕೆ ಸರಿದು ಸಿಟ್ಟು ಬಂತು. ನನ್ನ ದನಿ ಇಷ್ಟು ಚೆನ್ನಾಗಿ ಗೊತ್ತಿದ್ದವರು, ನಾನು ಕೇಳಿದಾಗಲೆಲ್ಲ 'ಏನಿಲ್ಲ' ಎಂದರಲ್ಲ!

ಮೊಬೈಲನ್ನು ನೀದಿಯಾಳ ಕೈಗೆ ತುರುಕಿ, ಒತ್ತಿ ಹಿಡಿ ಎಂದು ತೋರಿಸಿದಳು. ಕನ್ನಡಿಯ ಮುಂದೆ ನಿಂತು, ಎದುರಿಗೆ ಎಲ್ಪಿದಿಯೊನೇ ಇದ್ದಾನೆಂಬಂತೆ ಕೈ ಎತ್ತಿದಳು.

"ಚಾವಣಿ ಮುಂದಿನ ವರ್ಷ ಹಾಕ್ಕೊಳ್ಳಿ," ಎಂದವು ಅವಳ ಕೈಗಳು. "ನಂಗೆ ನನ್ನ ಗಂಡನ ಜೊತೆ ಮಾತಾಡ್ಬೇಕು. ಬಸ್ಸಿಳಿದ ತಕ್ಷಣ, ಇವತ್ತು ಹೆಂಗಿತ್ತು ಅಂತ ಕೇಳ್ಬೇಕು. ಮನೆ ತಲುಪೋವರೆಗೂ ಕಾಯೋಕಾಗಲ್ಲ."

ಅಂಗೈಗೆ ಅಂಗೈ ಬಡಿಯಿತು, ಉಸಿರು ಉಕ್ಕಿತು. ಗಂಟಲಿನಿಂದ ಏನೆಲ್ಲ ಹೊರಟಿತೋ ಅವಳಿಗೆ ತಿಳಿಯದು. ನೀದಿಯಾಳ ಕಣ್ಣು ಅಗಲವಾದದ್ದು ಮಾತ್ರ ಕನ್ನಡಿಯಲ್ಲಿ ಕಂಡಿತು. ಮೆಸೇಜ್ ಹೋಯಿತು. ಅದರ ಕೆಳಗೆ ಮಿಗೆಲಿನಾ ಮತ್ತೆ ಬರೆದಳು: ದೀಪ.

ಗುಂಪಿನಲ್ಲಿ ಮೇಷ್ಟ್ರು ಬರೆಯುತ್ತಿದ್ದಾರೆ ಎಂದು ತೋರಿಸಿತು, ಮಾಯವಾಯಿತು, ಮತ್ತೆ ತೋರಿಸಿತು. ಯಾವತ್ತೂ ಬರೆಯದ ಮನುಷ್ಯ. ಕೊನೆಗೆ ಬಂತು: 'ಇದು ಮಿಗೆಲಿನಾ. ಎಣಿಸಿದ್ದೇನೆ.'

ಚಾವಣಿಯೇ ಇನ್ನೂ ಸ್ವಲ್ಪ ಮುಂದಿದೆ, ಸಂಜೆಯವರೆಗೆ ಹೊತ್ತಿದೆ ಎಂದಳು ನೀದಿಯಾ. ಮಿಗೆಲಿನಾ ತಲೆದೂಗಿದಳು. ಆಮೇಲೆ ಅಳುಕುತ್ತ, ನನ್ನ ದನಿ ಹೇಗಿತ್ತು ಎಂದು ಕೇಳಿದಳು.

ನೀದಿಯಾ ಆ ಮೆಸೇಜನ್ನು ಮತ್ತೆ ಹಾಕಿ, ಮೊಬೈಲನ್ನು ಮಿಗೆಲಿನಾಳ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು. ಮುಷ್ಟಿಯೊಳಗೆ ಏನೋ ನಡುಗಿತು, ತುಸು ನಿಂತಿತು, ಮತ್ತೆ ಜೋರಾಗಿ ನಡುಗಿತು. ಅದು ಮುಗಿಯುವವರೆಗೂ ಮಿಗೆಲಿನಾ ಕಣ್ಣು ಮುಚ್ಚಿ ನಿಂತಿದ್ದಳು.