ಮುಂಬಯಿ, ಬೆಳಗಿನ ಮೂರು ಗಂಟೆ

ದೂರ ಎಂದರೆ ಊರ್ಮಿಳೆಗೆ ನಿತ್ಯದ ಕೆಲಸ. ಹಾಲೆಂಡಿನ ಹೂಫ್‌ಡಾರ್ಪಿನ ಆಫೀಸಿನಲ್ಲಿ ಕೂತು, ಎರಡು ವಿಮಾನ ನಿಲ್ದಾಣಗಳ ನಡುವಿನ ದೂರವನ್ನೂ ಹಾರಾಟದ ವೇಳೆಯನ್ನೂ ಲೆಕ್ಕ ಹಾಕುವ ಪ್ರೋಗ್ರಾಮು ಬರೆಯುತ್ತಿದ್ದಳು. ಅದು ಎಲ್ಲವನ್ನೂ ಹೊರಟ ಊರಿನ ಗಡಿಯಾರದಲ್ಲೇ ಎಣಿಸುತ್ತಿತ್ತು; ಇಳಿಯುವ ಊರಿನ ಸಮಯ ಬೇಕಾದರೆ ಕೊನೆಗೆ ವ್ಯತ್ಯಾಸ ಕೂಡಿಸಬೇಕು. ಭಾರತಕ್ಕೆ, ಚಳಿಗಾಲದಲ್ಲಿ, ನಾಲ್ಕೂವರೆ ಗಂಟೆ. ಕೂಡಿಸಿ ಕೂಡಿಸಿ ಅದು ಅವಳ ಬೆರಳಿಗೇ ಅಂಟಿಕೊಂಡಿತ್ತು.

ಫೆಬ್ರವರಿಯ ಒಂದು ಬೆಳಿಗ್ಗೆ ಏಳಕ್ಕೆ ಉಡುಪಿಯಿಂದ ರಮಾನಾಥ ಭಾವನ ಫೋನು ಬಂತು. ಅನಸೂಯಕ್ಕ ಹೋಗಿಬಿಟ್ಟಿದ್ದಳು. ತಾಯಿಯಿಲ್ಲದ ಊರ್ಮಿಳೆಗೆ ತಲೆ ಬಾಚಿ, ತುತ್ತಿಟ್ಟು ಬೆಳೆಸಿದ ಅಕ್ಕ.

"ನೀನು ಯಾವಾಗ ಮುಟ್ಟುತ್ತಿ, ಹೇಳು," ಎಂದರು ಭಾವ. "ನಾಳೆ ಬೆಳಿಗ್ಗೆವರೆಗೆ ಐಸ್ ಇಟ್ಟು ಕಾಯುವ. ಅದಕ್ಕಿಂತ ಹೆಚ್ಚು ಹಿರಿಯರು ಒಪ್ಪುವುದಿಲ್ಲ ಮಾರಾಯ್ತಿ."

ಒಂಬತ್ತಕ್ಕೆ ಟ್ರಾವೆಲ್ ಆಫೀಸು ತೆರೆಯಿತು. ಮಧ್ಯಾಹ್ನ ಎರಡಕ್ಕೆ ವಿಮಾನ, ಮುಂಬಯಿಗೆ ಬೆಳಗಿನ ಮೂರಕ್ಕೆ, ಎಂದಳು ಅಲ್ಲಿಯ ಹೆಂಗಸು. ಊರ್ಮಿಳೆ ಅಳುತ್ತಲೇ ಮೂರಕ್ಕೆ ನಾಲ್ಕೂವರೆ ಕೂಡಿಸಿದಳು. ಏಳೂವರೆ. ಅಲ್ಲಿಂದ ಮಂಗಳೂರಿಗೆ ದಿನಕ್ಕೊಂದೇ ವಿಮಾನ, ಅದು ಬೆಳಿಗ್ಗೆ ಆರೂವರೆಗೇ ಹಾರಿಬಿಡುತ್ತದೆ.

"ನಾಳೆ ಆಗುವುದಿಲ್ಲ ಭಾವ. ನಾಡಿದ್ದೇ," ಎಂದು ಉಡುಪಿಗೆ ಫೋನು ಮಾಡಿ ಹೇಳಿದಳು.

"ಹಾಗಾದರೆ ಇವತ್ತೇ ಮುಗಿಸ್ತೇವೆ," ಎಂದರು ಅವರು, ಮೆಲ್ಲಗೆ.

ಸ್ಕಿಪೋಲ್ ವಿಮಾನ ನಿಲ್ದಾಣಕ್ಕೆ ಜೊತೆಯಲ್ಲಿ ಬಂದವಳು ಅವಳ ಮನೆಯಲ್ಲೇ ಇದ್ದ ಮೈಸೂರಿನ ಸಮೀಕ್ಷಾ. "ಕೊಡಿಲ್ಲಿ ಟಿಕೆಟ್ನ. ನೀನು ಇವತ್ತು ನಿನ್ನನ್ನೇ ಕಳ್ಕೊಂಡ್ಬಿಡ್ತೀಯ," ಎಂದು ಕಿತ್ತುಕೊಂಡು ಓದಿದಳು. "ಲೇ, ಮಂಗಳೂರಿಗೆ ನಾಡಿದ್ದು ಯಾಕೆ? ಮೂರಕ್ಕೇ ಇಳೀತೀಯಲ್ಲ, ಆರೂವರೆ ಫ್ಲೈಟ್ ಆರಾಮಾಗಿ ಸಿಗತ್ತೆ."

"ಮೂರಕ್ಕೆ ನಾಲ್ಕೂವರೆ ಸೇರಿಸ್ಬೇಕಲ್ಲ?"

"ಯಾಕೆ ಸೇರಿಸ್ಬೇಕು? ಟಿಕೆಟ್ಟಲ್ಲಿ ಹಾಕೋದು ಇಳಿಯೋ ಊರಿನ ಟೈಮೇ ತಾನೆ?"

ಊರ್ಮಿಳೆ ಕಾರ್ಡ್ ಫೋನಿನ ಕಡೆ ಓಡಿದಳು. ಇಲ್ಲಿ ಹನ್ನೆರಡೂವರೆ, ಅಲ್ಲಿ ಸಂಜೆ ಐದು.

"ಈಗಷ್ಟೇ ಬೆಂಕಿ ಕೊಟ್ಟು ಬಂದೆವು," ಎಂದರು ಭಾವ. ಹಿಂದೆ ಯಾರೋ ಸ್ನಾನ ಮಾಡುವ ನೀರಿನ ಸದ್ದು. "ನೀನು ಕಳಿಸಿದ ಹಸಿರು ಸೀರೆಯನ್ನೇ ಉಡಿಸಿದ್ದು. ಮುಖ ನಿದ್ದೆ ಮಾಡಿದ ಹಾಗೇ ಇತ್ತು. ಕಡೆವರೆಗೂ ನಿನ್ನನ್ನೇ ಕೇಳ್ತಿದ್ದಳು. ಎಂತ ಮಾಡುವುದು, ಅಷ್ಟು ದೂರ. ನೀನು ಗಾಬರಿ ಬೀಳಬೇಡ, ನಾಡಿದ್ದು ಮಂಗಳೂರಿಗೆ ಕಾರು ಕಳಿಸ್ತೇನೆ."

ಮುಂಬಯಿಯಲ್ಲಿ ಒಂದು ದಿನ ಎಲ್ಲಾದರೂ ಕೂತು ಕಳೆದರಾಯಿತು, ಯಾರಿಗೂ ಗೊತ್ತಾಗುವುದಿಲ್ಲ. ತಪ್ಪನ್ನು ದೂರದ ಮೇಲೆ ಹಾಕಿಬಿಡಬಹುದು. ಆ ಯೋಚನೆ ಬಂದದ್ದಕ್ಕೇ ಅವಳಿಗೆ ನಾಚಿಕೆಯಾಯಿತು.

"ಭಾವ, ಕಾರು ನಾಳೆಯೇ ಕಳಿಸಿ. ಬೆಳಿಗ್ಗೆ ಎಂಟಕ್ಕೆ."

"ನಾಳೆಯಾ?"

"ನನ್ನ ಲೆಕ್ಕ ತಪ್ಪಿತು ಭಾವ. ನಾಳೆಯೇ ಮುಟ್ಟುತ್ತಿದ್ದೆ. ನೀವು ಕಾದಿದ್ದರೆ ಅಕ್ಕ ನೋಡಲಿಕ್ಕೆ ಸಿಗುತ್ತಿದ್ದಳು."

ಅತ್ತ ಕಡೆಯಿಂದ ನೀರಿನ ಸದ್ದು ಮಾತ್ರ ಬರುತ್ತಿತ್ತು. ಫೋನಿನ ಪರದೆಯಲ್ಲಿ ಕಾರ್ಡಿನ ಹಣ ಒಂದೊಂದೇ ಗಿಲ್ಡರಾಗಿ ಇಳಿಯಿತು.

"ಆಯ್ತು," ಎಂದರು ಭಾವ. "ಎಂಟಕ್ಕೆ."