ಕೋಟಿನೊಳಗಿನ ಕತ್ತಲೆ

ಹಗಲಿನ ಬೀದಿಯಲ್ಲೂ ಅವರು ಕತ್ತಲೆಯಲ್ಲಿ ನಡೆಯುವವರಂತೆ ನಡೆಯುತ್ತಿದ್ದರು. ಬಲಗೈಯನ್ನು ಸೊಂಟದ ಎತ್ತರಕ್ಕೆ ಚಾಚಿ, ಇಲ್ಲದ ಕುರ್ಚಿಗಳ ಬೆನ್ನನ್ನು ಒಂದೊಂದಾಗಿ ಸವರುತ್ತ, ಪಾದ ಊರುವ ಮುನ್ನ ಮೆಟ್ಟಿಲು ಇದೆಯೋ ಇಲ್ಲವೋ ಎಂದು ಕಾಲ ತುದಿಬೆರಳಿನಿಂದ ವಿಚಾರಿಸಿಕೊಳ್ಳುತ್ತ, ಎದುರು ಬಂದವರಿಗೆಲ್ಲ "ಸ್ವಲ್ಪ ಕಾಲು ತಗೊಳ್ಳಿ" ಎಂದು ಓರೆಯಾಗಿ ಸರಿದುಹೋಗುವ ಆ ನಡಿಗೆಯನ್ನು ಕಂಡವರು, ಪಾಪ, ದೃಷ್ಟಿ ಮಂದವೇನೋ ಎಂದು ಮರುಗುತ್ತಿದ್ದರು. ದೃಷ್ಟಿ ಚೆನ್ನಾಗಿಯೇ ಇತ್ತು. ಆಯುಷ್ಯದ ಬಹುಭಾಗವನ್ನು ಚಿತ್ರಮಂದಿರಗಳಲ್ಲಿ, ಅದೂ ದೀಪ ಆರಿದ ಮೇಲೆಯೇ ಒಳಹೋಗುವ ದುರಭ್ಯಾಸದಲ್ಲಿ ಕಳೆದ ಮನುಷ್ಯನ ಕಾಲುಗಳು ಕತ್ತಲೆಯನ್ನೇ ತವರೆಂದು ತಿಳಿದುಬಿಟ್ಟಿದ್ದವು, ಅಷ್ಟೆ.

ಅವರು ನಮ್ಮ ಪತ್ರಿಕೆಯ ಸಿನಿಮಾ ವಿಮರ್ಶಕರು. ಅವರು ಬರೆದದ್ದನ್ನು ಪುಟಕ್ಕೆ ಕೂರಿಸುವುದು ನನ್ನ ಕೆಲಸ. ನಮ್ಮಿಬ್ಬರ ಮೇಜುಗಳು ಎದುರುಬದುರು. ಕಚೇರಿಯಲ್ಲೂ ಸಿನಿಮಾ ಮಂದಿಯ ನಡುವೆಯೂ ಅವರ ಹೆಸರು ಮರೆತೇಹೋಗಿ 'ಭಾವ' ಎಂಬುದೊಂದೇ ಉಳಿದಿತ್ತು. ಅದಕ್ಕೆ ಕಾರಣ ಎದುರಾಳಿ ಪತ್ರಿಕೆಯ ವಿಮರ್ಶಕಿ. ಆಕೆ ಇವರ ಹೆಂಡತಿಯ ತಂಗಿ. ತುಂಬಿದ ಸಭೆಯಲ್ಲೂ "ಭಾವಾ" ಎಂದು ಕೂಗಿಯೇ ಜಗಳಕ್ಕೆ ಕರೆಯುತ್ತಿದ್ದರು. ಆಕೆಯ ಕಿವಿಯಂಚಿನ ಕೂದಲು ಬೆಳ್ಳಗಾಗಿದ್ದರೂ ಇವರ ಬಾಯಲ್ಲಿ ಆಕೆ ಇನ್ನೂ 'ಪುಟ್ಟಿ'ಯೇ.

ಜಗಳದ ವಸ್ತು ಯಾವಾಗಲೂ ಒಂದೇ: ದೆವ್ವದ ಸಿನಿಮಾದಲ್ಲಿ ರಕ್ತ ಎಷ್ಟಿರಬೇಕು. ಭಾವನವರ ಮಾತು ಶುರುವಾಗುತ್ತಿದ್ದುದು "ಅಂದರೆ ಏನಪ್ಪಾ ಅಂದರೆ" ಎಂಬ ಪಲ್ಲವಿಯಿಂದ. ಹಿಂದೆ ಯಾರೂ ಏನೂ ಅಂದಿರದಿದ್ದರೂ ಸರಿ. ಭಯಾನಕವೇ ಬೇರೆ, ಬೀಭತ್ಸವೇ ಬೇರೆ, ಭಯ ಮನುಷ್ಯನನ್ನು ಎಚ್ಚರಿಸುತ್ತದೆ, ಜುಗುಪ್ಸೆ ಅವನನ್ನು ಮರಗಟ್ಟಿಸುತ್ತದೆ, ಕರುಳು ಬಗೆದು ತೋರಿಸುವವನಿಗೆ ಕಥೆ ಹೇಳಲು ಬರುವುದಿಲ್ಲ ಎಂಬುದು ಅವರ ಸಿದ್ಧಾಂತ. ಪುಟ್ಟಿಯವರ ಸಿದ್ಧಾಂತ ಇದಕ್ಕೆ ತದ್ವಿರುದ್ಧ. ಒಂದೇ ಏಟಿಗೆ ನೋವಿಲ್ಲದೆ, ಕಲೆಯಿಲ್ಲದೆ ಸಾಯುವ ಮನುಷ್ಯನನ್ನು ತೋರಿಸುವುದೇ ದೊಡ್ಡ ಸುಳ್ಳು, ಕೊಲೆ ಎಂದರೆ ಕೊಳಕು, ಆ ಕೊಳಕನ್ನು ಒರೆಸಿಟ್ಟು ಕೊಲೆಯನ್ನು ಮಾತ್ರ ಬಡಿಸುವವರೇ ಮಕ್ಕಳನ್ನು ಕೆಡಿಸುವವರು ಎಂದು ಆಕೆ ಬರೆಯುತ್ತಿದ್ದರು. ಎರಡೂ ಪತ್ರಿಕೆಗಳನ್ನು ತರಿಸುವ ಮನೆಗಳು ಇವರಿಬ್ಬರಿಗಾಗಿಯೇ ತರಿಸುತ್ತಿದ್ದವು. ಎರಡನ್ನೂ ಓದದೆ ಸುಖವಾಗಿದ್ದವರು ಒಬ್ಬರೇ, ಭಾವನವರ ಹೆಂಡತಿ. ಊಟದ ಹೊತ್ತಿಗೆ ಗಂಡನೂ ತಂಗಿಯೂ ರಕ್ತದ ಮಾತೆತ್ತಿದರೆ ಆಕೆ ಸಾರಿನ ಪಾತ್ರೆಯನ್ನು ಒಳಗೆ ಒಯ್ದುಬಿಡುತ್ತಿದ್ದರಂತೆ.

ಇನ್ನು ಆ ಕೋಟು. ಬೂದಿಬಣ್ಣದ, ಮೊಣಕಾಲಿನವರೆಗೆ ಇಳಿಬೀಳುವ, ಯಾವ ಋತುವಿಗೂ ಹೊಂದದ ಕೋಟು. ತೆರೆಯ ಮೇಲೆ ಸಂಗೀತ ತಗ್ಗಿ, ಯಾರದೋ ಕೈ ಕತ್ತಿಯ ಕಡೆ ಸರಿಯಿತೆಂದರೆ ಭಾವ ಕೊರಳಪಟ್ಟಿಯನ್ನು ಹಿಡಿದೆತ್ತಿ ತಲೆಯ ಮೇಲಿಂದ ಎಳೆದುಕೊಳ್ಳುತ್ತಿದ್ದರು. ವಿಮರ್ಶಕರ ಸಾಲಿನಲ್ಲಿ ಒಂದು ಬೂದಿಬಣ್ಣದ ಹುತ್ತ ಎದ್ದ ಹಾಗೆ. ಚೀರಾಟ ನಿಂತ ಮೇಲೆ ಹುತ್ತದಿಂದ ತಲೆ ಹೊರಬರುತ್ತಿತ್ತು. ಆದರೂ ಮರುದಿನದ ವಿಮರ್ಶೆಯಲ್ಲಿ ಕತ್ತಿ ಎಲ್ಲಿ ಇಳಿಯಿತು, ರಕ್ತ ಎಲ್ಲಿಗೆ ಚಿಮ್ಮಿತು ಎಂಬುದೆಲ್ಲ ಸಾಕ್ಷಿ ನುಡಿದಷ್ಟು ಸ್ಪಷ್ಟವಾಗಿರುತ್ತಿತ್ತು. ಹಾಗಾಗಿ ಒಂದು ಐತಿಹ್ಯ ಹುಟ್ಟಿತ್ತು: ಭಾವ ಕೋಟಿನ ಕಾಜದಿಂದ, ಅಂದರೆ ಗುಂಡಿ ತೂರಿಸುವ ಆ ಸಣ್ಣ ತೂತಿನಿಂದ, ಇಣುಕಿ ನೋಡುತ್ತಾರೆ, ಬೇರೆಯವರು ಎರಡು ಕಣ್ಣಲ್ಲಿ ಕಾಣದ್ದನ್ನು ಆ ತೂತಿನಲ್ಲಿ ಕಾಣುತ್ತಾರೆ. ಹೊಸಬರಿಗೆ ಇದನ್ನು ನಾನೇ ಬಣ್ಣ ಕಟ್ಟಿ ಹೇಳುತ್ತಿದ್ದೆ. ಭಾವ ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಮುಗುಳ್ನಗುತ್ತಿದ್ದರು.

ಒಮ್ಮೆ ಹೊಸ ನಿರ್ದೇಶಕಿಯೊಬ್ಬಳ ಮೊದಲ ಚಿತ್ರ ಬಂತು. ಸತ್ತ ಗಂಡನ ರೂಪ ತೊಟ್ಟ ದೆವ್ವವೊಂದು ಮನೆಗೆ ಬರುತ್ತದೆ. ಅದು ಗಂಡನಲ್ಲವೆಂದು ಹೆಂಡತಿಗೆ ಗೊತ್ತಾಗುತ್ತದೆ, ಮಗುವಿಗೆ ಗೊತ್ತಾಗುವುದಿಲ್ಲ. ಕಡೆಯಲ್ಲಿ ಅಡುಗೆಮನೆಯಲ್ಲೊಂದು ಕೊಲೆ. ಭಾವನವರು ಆ ಕೊಲೆಯ ಮೇಲೆ ಬೆಂಕಿ ಕಾರಿದರು. ಚಾಕು ಚರ್ಮವನ್ನು ಸೀಳುವುದನ್ನು, ನೆತ್ತರು ನೆಲದ ಮೇಲೆ ಹನಿಹನಿಯಾಗಿ ಬೀಳುವುದನ್ನು ಇಷ್ಟು ಹತ್ತಿರದಿಂದ, ಇಷ್ಟು ನಿಧಾನವಾಗಿ ತೋರಿಸಿದ ಚಿತ್ರವನ್ನು ತಾವು ಈವರೆಗೆ ಕಂಡಿಲ್ಲವೆಂದೂ, ಇದನ್ನು ತೆಗೆದವರ ಅಂತಃಕರಣದ ಬಗ್ಗೆ ತಮಗೆ ಮರುಕವಿದೆಯೆಂದೂ ಬರೆದರು. ಗದ್ಯ ಅದ್ಭುತವಾಗಿತ್ತು. ನಾನೇ ಅದಕ್ಕೆ ದಪ್ಪಕ್ಷರದ ತಲೆಬರಹ ಕೊಟ್ಟೆ. ಆ ಪುಟವನ್ನು ಹಿಡಿದು ತಾಯಂದಿರ ಗುಂಪೊಂದು ಚಿತ್ರಮಂದಿರದ ಮಾಲೀಕನ ಬಳಿಗೆ ಹೋಯಿತು. ಆತ ವಾರದ ಕೊನೆಗೆ ಚಿತ್ರವನ್ನು ತೆಗೆದುಹಾಕುವೆನೆಂದು ಒಪ್ಪಿಕೊಂಡ.

ಎರಡು ದಿನ ಕಳೆದು ಪುಟ್ಟಿಯವರು ನಮ್ಮ ಕಚೇರಿಗೇ ಬಂದರು. ಹಿಂದೆ ಆ ನಿರ್ದೇಶಕಿ, ಹೆಗಲಲ್ಲಿ ಬಟ್ಟೆಯ ಚೀಲ, ಅತ್ತು ಮುಗಿಸಿದ ಕಣ್ಣು. ಭಾವ ಎದ್ದು ನಿಂತು ಕುರ್ಚಿ ತೋರಿಸಿದರು. ಹುಡುಗಿ ಕೂರಲಿಲ್ಲ.

"ಸರ್, ಒಂದು ನಿಮಿಷ ಕಣ್ಣು ಮುಚ್ಚಿಕೊಳ್ತೀರಾ?"

ಏನೋ ಕಾಣಿಕೆ ಇರಬೇಕೆಂದುಕೊಂಡ ಭಾವ ಸಂಕೋಚದಿಂದಲೇ ಕಣ್ಣು ಮುಚ್ಚಿದರು. ಆಕೆ ಚೀಲದಿಂದ ಒಂದು ಎಲೆಕೋಸು ತೆಗೆದು ಅವರ ಮೇಜಿನ ಮೇಲಿಟ್ಟು, ಚಾಕುವನ್ನು ಅದರೊಳಗೆ ಮೆಲ್ಲಗೆ, ಬಹಳ ಮೆಲ್ಲಗೆ ಇಳಿಸಿದಳು. ಪದರ ಪದರವಾಗಿ ಹರಿಯುವ ಆ ಕರಕರ ಸದ್ದಿಗೆ ನನ್ನ ಮೈಯೇ ಜುಮ್ಮೆಂದಿತು. ಭಾವನವರ ಕೈ ತಾನಾಗಿ ಕೊರಳಪಟ್ಟಿಗೆ ಹೋಯಿತು. ಕೋಟು ತಲೆಯ ಮೇಲೇರಿತು. ಕಚೇರಿಯ ನಡುಹಗಲಿನಲ್ಲಿ ಹುತ್ತ ಎದ್ದಿತು.

"ನೀವು ನೋಡಿದ ಕೊಲೆ ಇದೇ ಸರ್," ಎಂದಳು ಹುಡುಗಿ. "ನನ್ನ ಸಿನಿಮಾದಲ್ಲಿ ಅಡುಗೆಮನೆ ಬಾಗಿಲು ಮುಚ್ಚಿಕೊಳ್ಳುತ್ತೆ. ಕ್ಯಾಮೆರಾ ಒಳಗೆ ಹೋಗೋದೇ ಇಲ್ಲ, ಈ ಸದ್ದಷ್ಟೇ ಕೇಳುತ್ತೆ. ಹೊರಗೆ ಹಗ್ಗದ ಮೇಲೆ ಮಗುವಿನ ಒದ್ದೆ ಅಂಗಿ. ತೊಟ್ಟಿಕ್ಕೋದು ಅದೇ."

ಅಕ್ಕಪಕ್ಕದ ಮೇಜಿನವರು ಬರೆಯುವುದನ್ನು ನಿಲ್ಲಿಸಿದ್ದರು. ಯಾರೋ, ಕಾಜದಿಂದ ಎಲ್ಲ ಕಾಣುತ್ತದಲ್ಲ, ಎಂದು ಗೊಣಗಿದರು.

"ಯಾವ ಕಾಜ?" ಎಂದರು ಪುಟ್ಟಿ. "ಗುಂಡಿ ಉದುರಿದ ಮೇಲೆ ಆ ತೂತನ್ನೆಲ್ಲ ಅಕ್ಕ ಎಂದೋ ಹೊಲಿದುಬಿಟ್ಟಳು. ಗಾಳಿ ಕೂಡ ಹೋಗಲ್ಲ ಅದರೊಳಗೆ. ಭಾವ, ಹೊರಗೆ ಬನ್ನಿ, ಸೆಖೆ ಆಗುತ್ತೆ."

ಹೊರಬಂದ ಮುಖ ಬಿಳಿಚಿತ್ತು. ಅವರು ಮೇಜಿನ ಮೇಲಿನ ಎಲೆಕೋಸನ್ನೇ ದಿಟ್ಟಿಸಿದರು. ಆ ಗಳಿಗೆಯಲ್ಲಿ ಅವರ ಮುಂದೆ ಏನಿತ್ತೆಂದು ನಮಗೆಲ್ಲ ಗೊತ್ತಿತ್ತು: ಒಂದು ಕಡೆ ಈ ಹುಡುಗಿಯ ಚಿತ್ರ, ಇನ್ನೊಂದು ಕಡೆ ತೆರೆಯ ರಕ್ತವನ್ನು ಕಣ್ಣಾರೆ ಕಂಡು ಖಂಡಿಸುವವರೆಂದು ಇಷ್ಟು ಕಾಲ ಗಳಿಸಿದ್ದ ಹೆಸರು. ಒಂದನ್ನು ಉಳಿಸಿದರೆ ಇನ್ನೊಂದು ಹೋಗುತ್ತದೆ.

ಸಂಪಾದಕರು ಮಧ್ಯದ ದಾರಿ ಹುಡುಕಿದರು. ಒಳಪುಟದ ಮೂಲೆಯಲ್ಲಿ, ಹವಾಮಾನದ ಕೆಳಗೆ, 'ದೃಶ್ಯವೊಂದರ ವಿವರಣೆಯಲ್ಲಿ ಲೋಪವಾಗಿದೆ' ಎಂದು ಹಾಕಿದರೆ ಯಾರ ಮಾನವೂ ಹೋಗದೆಂದರು. ಭಾವ ಬೇಡವೆಂದು ತಲೆಯಾಡಿಸಿ, "ಅಂದರೆ ಏನಪ್ಪಾ ಅಂದರೆ, ಮೊದಲು ಸಿನಿಮಾ ನೋಡಬೇಕು," ಎಂದರು. ಆ ಪಲ್ಲವಿ ಅರ್ಥಪೂರ್ಣವಾಗಿ ಕೇಳಿಸಿದ್ದು ನನಗೆ ಅದೇ ಮೊದಲು.

ಮಧ್ಯಾಹ್ನದ ಆಟಕ್ಕೆ ಭಾವ, ಪುಟ್ಟಿ, ನಾನು, ಮೂವರೂ ಹೋದೆವು. ಬಾಗಿಲಲ್ಲೇ ಅವರು ಕೋಟು ಬಿಚ್ಚಿ ನಾದಿನಿಯ ಕೈಗಿತ್ತರು. ಕೋಟಿಲ್ಲದ ಭಾವ ಎಷ್ಟು ಸಣ್ಣ ಆಳು ಎಂದು ನನಗೆ ಆಗಲೇ ತಿಳಿದದ್ದು. ತೆರೆಯ ಮೇಲೆ ಅಡುಗೆಮನೆಯ ಬಾಗಿಲು ಮುಚ್ಚಿಕೊಂಡಾಗ ಅವರ ಕೈ ಕೊರಳಿನವರೆಗೆ ಹೋಗಿ, ಅಲ್ಲಿ ಹಿಡಿಯಲು ಏನೂ ಸಿಗದೆ, ಕುರ್ಚಿಯ ತೋಳನ್ನು ಹಿಡಿಯಿತು. ಕರಕರ ಸದ್ದು. ಒದ್ದೆ ಅಂಗಿ. ಒಂದು ಹನಿ. ಅಂಗಿಯ ತೋಳು ಗಾಳಿಗೆ ಅಲ್ಲಾಡಿ, ಯಾರನ್ನೋ ಕರೆದಂತೆ ಮಡಚಿಕೊಂಡಿತು. ಪಕ್ಕದಲ್ಲಿ ಅವರ ಉಸಿರು ನಿಂತು ಮತ್ತೆ ಹೊರಟದ್ದು ನನಗೆ ಕೇಳಿಸಿತು.

"ಇಷ್ಟು ಚೆಂದದ ಅಂಗಿ ಕಣೇ ಪುಟ್ಟಿ," ಎಂದರು, ಕತ್ತಲೆಯಲ್ಲಿ. "ನಾನು ನೋಡಲೇ ಇಲ್ಲವಲ್ಲ."

ಹೊರಗೆ ಬಂದು ಚಹಾ ಕುಡಿಯುವಾಗ ಅವರೇ ಹೇಳಿದರು. ಚಿಕ್ಕಂದಿನಲ್ಲಿ ಭಾವನವರ ಒಡಹುಟ್ಟಿದ ಅಕ್ಕ ಇವರನ್ನು ಕಂಬಳಿಯೊಳಗೆ ಎಳೆದುಕೊಂಡು ದೆವ್ವದ ಕಥೆ ಹೇಳುತ್ತಿದ್ದಳಂತೆ. ಆ ದೆವ್ವಕ್ಕೆ ಮುಖವಿರುತ್ತಿರಲಿಲ್ಲ. ಮುಖ ನೀನೇ ಇಟ್ಟುಕೋ ಎನ್ನುತ್ತಿದ್ದಳಂತೆ. ಇಟ್ಟುಕೊಂಡದ್ದೇ ಇಟ್ಟುಕೊಂಡದ್ದು. ದೊಡ್ಡವರಾದ ಮೇಲೂ ಕಂಬಳಿಯೊಳಗೆ ಕಂಡದ್ದನ್ನೆಲ್ಲ ಹೊರಗೆ ಕಂಡದ್ದೆಂದೇ ನಂಬಿ ಬರೆದರು. ಅದು ಸುಳ್ಳು ಎಂದು ಅವರಿಗೆ ಒಮ್ಮೆಯೂ ಅನ್ನಿಸಿರಲಿಲ್ಲ, ಯಾಕೆಂದರೆ ಸಾಮಾನ್ಯವಾಗಿ ತೆರೆಯ ಮೇಲೆ ಅದಕ್ಕಿಂತ ಹೆಚ್ಚೇ ಇರುತ್ತಿತ್ತು.

ಮರುದಿನ ಅವರು ಹಳೆಯ ವಿಮರ್ಶೆ ಬಂದ ಜಾಗವನ್ನೇ ಕೇಳಿದರು. ಅದೇ ಅಗಲ, ಅಷ್ಟೇ ದಪ್ಪಕ್ಷರ. ಸಂಪಾದಕರು ಓದುಗರು ನಗುತ್ತಾರೆಂದರು. ನಗಲಿ ಸರ್, ಬಹಳ ಹೆದರಿಸಿದ್ದೇನೆ, ಎಂದರು ಭಾವ. ಲೇಖನದ ಮೊದಲ ವಾಕ್ಯ ಹೀಗಿತ್ತು: 'ಈ ದೃಶ್ಯದಲ್ಲಿ ನಾನು ಕಣ್ಣು ಮುಚ್ಚಿದ್ದೆ.' ತೋರಿಸದೇ ಇದ್ದ ರಕ್ತವನ್ನು ನನ್ನಿಂದ ಸುರಿಸಿಕೊಂಡ ಚಿತ್ರ ಇದು, ಆ ಕೊಲೆಯನ್ನು ಮಾಡಿದವನು ನಾನು, ತೆಗೆದವಳ ಅಂತಃಕರಣಕ್ಕೆ ಮರುಗುವ ಬದಲು ನನ್ನದನ್ನು ವಿಚಾರಿಸಿಕೊಳ್ಳುತ್ತಿದ್ದೇನೆ ಎಂದು ಮುಂದುವರಿಯುತ್ತಿತ್ತು. ಪುಟಕ್ಕೆ ಕೂರಿಸುವಾಗ ನಾನು ಒಂದು ಅಕ್ಷರವನ್ನೂ ಮುಟ್ಟಲಿಲ್ಲ.

ಊರು ನಕ್ಕಿತು. ಕಾಜದ ಐತಿಹ್ಯ ಒಂದು ಬೆಳಗಿಗೆ ಸತ್ತುಹೋಯಿತು. ಕೆಲವರು ಇನ್ನು ಮುಂದೆ ಭಾವನವರನ್ನು ಓದುವುದಿಲ್ಲವೆಂದು ಫೋನು ಮಾಡಿ ತಿಳಿಸಿದರು. ಆದರೆ ತಾಯಂದಿರ ಗುಂಪು ಆ ಅಂಗಿಯನ್ನು ನೋಡಲೆಂದೇ ಚಿತ್ರಮಂದಿರಕ್ಕೆ ಹೋಯಿತು, ಮಾಲೀಕ ಚಿತ್ರವನ್ನು ಉಳಿಸಿಕೊಂಡ. ಅದೇನು ಮಹಾ ಯಶಸ್ಸಲ್ಲ. ಹುಡುಗಿಗೆ ಎರಡನೆಯ ಚಿತ್ರ ಸಿಗುವಷ್ಟು ಓಡಿತು, ಅಷ್ಟು ಸಾಕಾಗಿತ್ತು.

ಜಗಳವೇನೂ ಮುಗಿಯಲಿಲ್ಲ. ರಕ್ತವಿಲ್ಲದೆಯೂ ಭಾವ ನಡುಗಿದರು, ಆದ್ದರಿಂದ ತಪ್ಪು ರಕ್ತದ್ದಲ್ಲ ಎಂದು ಪುಟ್ಟಿ ಬರೆದರು. ರಕ್ತವಿಲ್ಲದೆಯೇ ನಡುಗಿಸಬಹುದಾದರೆ ರಕ್ತ ಯಾತಕ್ಕೆ ಎಂದು ಭಾವ ಬರೆದರು. ಒಂದೇ ಅಂಗಿಯನ್ನು ಇಬ್ಬರೂ ತಮ್ಮ ತಮ್ಮ ಕಡೆಗೆ ಎಳೆದಾಡಿದರು. ಬದಲಾದದ್ದು ಒಂದೇ ಸಂಗತಿ. ಅಂದಿನಿಂದ ಭಾವನವರ ವಿಮರ್ಶೆಗಳಲ್ಲಿ ಅಲ್ಲಲ್ಲಿ 'ಇಲ್ಲಿ ಕಣ್ಣು ಮುಚ್ಚಿದೆ' ಎಂಬ ಮಾತು ಬರತೊಡಗಿತು, ಯಾವ ನಾಚಿಕೆಯೂ ಇಲ್ಲದೆ, ದಾರಿಯಲ್ಲಿ ಹಳ್ಳವಿದೆಯೆಂದು ಹೇಳಿದಷ್ಟು ಸಹಜವಾಗಿ. ಅವರು ಮುಚ್ಚಿದ ಕಡೆ ಮಕ್ಕಳ ಕಣ್ಣನ್ನೂ ಮುಚ್ಚಬಹುದೆಂದು ಮನೆಗಳವರು ಲೆಕ್ಕ ಹಾಕಿದರು. ಅವರು ಮುಚ್ಚಿದ ಕಡೆಯೇ ನೋಡಬೇಕಾದ್ದು ಇದೆಯೆಂದು ಕಾಲೇಜಿನ ಹುಡುಗರು ಲೆಕ್ಕ ಹಾಕಿದರು. ಎರಡೂ ಬಣದವರು ಓದಿದರು. ಓದುವುದಿಲ್ಲವೆಂದು ಫೋನು ಮಾಡಿದ್ದವರೂ ಮರಳಿ ಬಂದರು. ಸೋಲೊಪ್ಪದ ಪುಟ್ಟಿ ತಮ್ಮ ಅಂಕಣದಲ್ಲಿ 'ಇಲ್ಲಿ ಆಕಳಿಸಿದೆ' ಎಂದು ಬರೆಯಲು ಶುರುಮಾಡಿದರು.

ಎರಡನೆಯ ಚಿತ್ರ ಸಿದ್ಧವಾದಾಗ ನಿರ್ದೇಶಕಿಯೇ ಫೋನು ಮಾಡಿದಳು. ಇದರಲ್ಲಿ ಒಂದು ಕಡೆ ನಿಜವಾಗಿಯೂ ರಕ್ತ ಇದೆ ಸರ್, ಕೋಟು ತನ್ನಿ, ಎಂದಳಂತೆ. ಭಾವ ಕೋಟು ತಂದರು. ನಾನು ಪಕ್ಕದಲ್ಲೇ ಇದ್ದೆ. ಹುತ್ತ ಎದ್ದಿತು, ಅರ್ಧದಲ್ಲೇ ಅಂಚು ಸ್ವಲ್ಪ ಸರಿದು, ಕತ್ತಲೆಯಲ್ಲಿ ಒಂದು ಕಣ್ಣು ತೆರೆಯ ಬೆಳಕಿಗೆ ಮಿನುಗಿತು. ಮರುದಿನ ಅವರು ಬರೆದುಕೊಟ್ಟದ್ದು: 'ಇಲ್ಲಿ ಕಣ್ಣು ಮುಚ್ಚಿದೆ. ಆಮೇಲೆ, ಇವಳನ್ನು ನಂಬಿ, ಒಂದನ್ನು ತೆರೆದೆ.'

ನೋಡುವುದನ್ನೇ ವೃತ್ತಿಯಾಗಿಸಿಕೊಂಡವರದು ವಿಚಿತ್ರ ಸಂಕುಲ. ಲೋಕಕ್ಕೆ ಬದಲಾಗಿ ತಾವು ನೋಡುತ್ತೇವೆಂದು ಮುಂದಿನ ಸಾಲಿನಲ್ಲಿ ಕೂರುತ್ತಾರೆ, ಲೋಕಕ್ಕೆ ಬದಲಾಗಿ ತಾವೇ ಹೆದರುತ್ತಾರೆ, ಹೆದರಿದ್ದನ್ನು ಮುಚ್ಚಿಡಲು ಎಷ್ಟೋ ಸಲ ಕೋಪಿಸಿಕೊಳ್ಳುತ್ತಾರೆ. ಅವರ ತೀರ್ಪುಗಳನ್ನು ಕಾಲ ಒರೆಸಿಹಾಕುತ್ತದೆ; ನಿನ್ನೆಯ ಬೀಭತ್ಸ ನಾಳೆ ಮಕ್ಕಳಾಟವಾಗುತ್ತದೆ. ಆದರೆ ಇಷ್ಟರವರೆಗೆ ನೋಡಿದೆ, ಇಲ್ಲಿಂದಾಚೆಗೆ ನನ್ನ ಕೈಲಾಗಲಿಲ್ಲ ಎಂದು ಅವರಲ್ಲೊಬ್ಬರು ಪ್ರಾಮಾಣಿಕವಾಗಿ ಹೇಳಿದರೆ, ಆ ಗಡಿಯವರೆಗಿನ ದಾರಿಯನ್ನು ನಾವು ನಂಬಿ ನಡೆಯಬಹುದು, ಕೈ ಮುಂದೆ ಚಾಚಿ, ಒಂದೊಂದೇ ಕುರ್ಚಿಯ ಬೆನ್ನು ಸವರುತ್ತ. ಗಡಿಯಾಚೆಗೆ ಏನಿದೆಯೆಂದು ನೋಡಲು ನಮಗೂ ಕಣ್ಣುಗಳಿವೆ.