ಮೂರನೇ ಕೋಣೆಯ ಹಸಿರು ಚುಕ್ಕಿ

೧

ಹೇಗೆ ಶುರು ಮಾಡಲಿ? ಬ್ಯಾಡಗಿಯ ಕಥೆಯೆಂದರೆ ಮೊದಲ ಸಾಲಿನಲ್ಲೇ ಮೆಣಸಿನಕಾಯಿ ಘಾಟಿಗೆ ಯಾರಾದರೂ ಸೀನಬೇಕು, ಅಷ್ಟು ನನಗೂ ಗೊತ್ತು. ಹಾಗೇ ಮೂರು ಸಲ ಬರೆದೆ. ಮೂರು ಸಲವೂ ಸೀನಿದವರು ಮುಂದೇನು ಮಾಡಬೇಕೆಂದು ತಿಳಿಯದೆ ಮೂಗು ಒರೆಸಿಕೊಂಡು ನಿಂತರು. ಬಿಟ್ಟುಬಿಟ್ಟೆ.

ನೇರವಾಗಿ ಹೇಳುತ್ತೇನೆ. ನೀಲಗಂಗವ್ವ ಒಳಗೆ ಸಿಕ್ಕಿಕೊಂಡಿದ್ದಾಳೆ. ಕಾಗಿನೆಲೆ ರಸ್ತೆಯಲ್ಲಿರುವ ಒಂದು ಕೋಲ್ಡ್ ಸ್ಟೋರೇಜಿನ ಮೂರನೇ ಕೋಣೆಯಲ್ಲಿ, ಮೆಣಸಿನಕಾಯಿ ಚೀಲಗಳ ನಡುವೆ. ವಯಸ್ಸು ಐವತ್ನಾಲ್ಕು. ಸೀರೆಯ ಮೇಲೊಂದು ಹಳೆಯ ಸ್ವೆಟರು. ಕೋಣೆಯ ಥಂಡಿ ನಾಲ್ಕು ಡಿಗ್ರಿ. ಚಿಲಕ ಹೊರಗಿನಿಂದ ಬಿದ್ದಿದೆ, ಒಳಗಿನ ಹಿಡಿಕೆ ಮುರಿದು ತಿಂಗಳಾಗಿದೆ. ಗುರುವಾರ ಮಧ್ಯಾಹ್ನ ಎರಡೂವರೆ, ಮಾರುಕಟ್ಟೆಯ ದಿನ, ಹಮಾಲರೆಲ್ಲ ಯಾರ್ಡಿಗೆ ಹೋಗಿದ್ದಾರೆ. ನಾಳೆ ಬೆಳಿಗ್ಗೆಯವರೆಗೆ ಆ ಬಾಗಿಲು ತೆಗೆಯುವ ಕೆಲಸ ಯಾರಿಗೂ ಇಲ್ಲ.

(ಸಿಕ್ಕಿಸಿದವನು ನಾನೇ. ಕಥೆಗೆ ಏನಾದರೂ ಬೇಕಲ್ಲ.)

೨

ಇನ್ನು ಅರುಣಾ. ರಾಣೆಬೆನ್ನೂರಿನವಳು, ವೈಫೈ ಕೂರಿಸಿಕೊಡುವುದು ಅವಳ ಕಸುಬು. ಬೀಜ ಕಂಪನಿಗಳ ಗೋದಾಮು, ಕಲ್ಯಾಣಮಂಟಪ, ಲಾಡ್ಜು, ಕೊನೆಗೆ ಹಾವೇರಿಯ ನಮ್ಮ ಮನೆ. ನಮ್ಮ ಮನೆಯಲ್ಲಿ ಅವಳು ವೈಫೈ ಡಬ್ಬಿಯನ್ನು ಕಪಾಟಿನ ಹಿಂದಿನಿಂದ ಎಳೆದು ತೆಗೆದು, "ಇಷ್ಟ್ ಬುಕ್ಕಿನ ಹಿಂದ ಇಟ್ರ ನೆಟ್ ಹೆಂಗ್ ಬರ್ತೈತ್ರಿ ಸರ? ಇವನ್ನೆಲ್ಲಾ ಓದೀರೇನು?" ಅಂದಳು. ಎರಡನೇ ಪ್ರಶ್ನೆ ಕೇಳುವ ಅಗತ್ಯವಿರಲಿಲ್ಲ. ಸೇಡು ತೀರಿಸಿಕೊಳ್ಳಲು ಅವಳನ್ನು ಕಥೆಯೊಳಗೆ ಹಾಕಿದೆ, ಒಂದು ತಪ್ಪನ್ನೂ ಮಾಡಿಸಿದೆ.

ತಪ್ಪು ಇದು. ಆ ಕೋಲ್ಡ್ ಸ್ಟೋರೇಜಿನಲ್ಲಿ ಅವಳು ಮೆಶ್ ಹಾಕಿದ್ದಳು. ಆಫೀಸಿನ ಡಬ್ಬಿ ಪಡಸಾಲೆಯ ಡಬ್ಬಿಗೆ, ಅದು ಒಂದೊಂದು ಕೋಣೆಯ ಡಬ್ಬಿಗೆ, ಹೀಗೆ ತಂತಿಯಿಲ್ಲದೆ ಒಂದರಿಂದ ಒಂದಕ್ಕೆ ಸಿಗ್ನಲ್ ದಾಟುತ್ತದೆ. ದಾಟಲು ಎರಡು ಬ್ಯಾಂಡ್. ಐದು ಗಿಗಾಹರ್ಟ್ಸ್‌ನದು ಜೋರು ಓಟ, ಆದರೆ ಏನಾದರೂ ಅಡ್ಡ ಬಂದರೆ ಅಲ್ಲೇ ಸೋಲುತ್ತದೆ. ಎರಡು ಪಾಯಿಂಟ್ ನಾಲ್ಕು ನಿಧಾನ, ಆದರೆ ಗೋಡೆ ಗೀಡೆ ದಾಟಿ ಹೇಗೋ ತಲುಪುತ್ತದೆ. ಅರುಣಾ ಅಳತೆ ಮಾಡಿದ್ದು ಸೀಸನ್ನಿಗೆ ಮುಂಚೆ, ಜನವರಿಯಲ್ಲಿ. ಕೋಣೆ ಖಾಲಿ, ಯಂತ್ರ ಬಂದ್, ಬಾಗಿಲು ತೆರೆದೇ ಇತ್ತು. ಐದು ಗಿಗಾಹರ್ಟ್ಸ್ ಭರ್ಜರಿಯಾಗಿ ಓಡಿತು. ಅದನ್ನೇ ಕಾಯಂ ಮಾಡಿ ಹೋದಳು. ಏಪ್ರಿಲಿನ ಹೊತ್ತಿಗೆ ಮೂರನೇ ಕೋಣೆಯಲ್ಲಿ ಸೂರಿನ ತನಕ ಚೀಲ.

ಆಮೇಲೆ ಏನಾಯಿತೆಂದರೆ, ಒಂದೊಂದು ಚೀಲದ ಚೀಟಿಯನ್ನೂ ಫೋನಿನಲ್ಲಿ ಸ್ಕ್ಯಾನ್ ಮಾಡುವ ನೀಲಗಂಗವ್ವನಂಥ ಹೆಂಗಸರಿಗೆ ಒಳಗೆ ನೆಟ್ ಸಿಗದಾಯಿತು. ಹತ್ತು ಚೀಲ ಸ್ಕ್ಯಾನ್ ಮಾಡುವುದು, ಪಡಸಾಲೆಗೆ ಓಡಿಬಂದು ಕಳಿಸುವುದು, ಮತ್ತೆ ಒಳಗೆ. ಓಡಾಟಕ್ಕೆ ಅನುಕೂಲವಾಗಲೆಂದು ಬಾಗಿಲ ಸಂದಿಗೊಂದು ಚೀಲ ಕೊಟ್ಟು ಇಡುವುದೇ ರೂಢಿಯಾಯಿತು. ಈ ಗುರುವಾರ ಯಾರ್ಡಿಗೆ ಹೊರಟ ಮ್ಯಾನೇಜರ್ ಶೇಖಪ್ಪ ಅದನ್ನು ನೋಡಿ, "ಥಂಡಿ ಎಲ್ಲಾ ಹೊರಗ ಹೊಂಟೈತಿ, ಯಾರಪ್ಪಂದು ಕರೆಂಟು?" ಎಂದು ಬೈದು, ಚೀಲ ಎಳೆದು, ಬಾಗಿಲು ದಬ್ಬಿ, ಚಿಲಕ ಹಾಕಿ ಬೈಕು ಹತ್ತಿದ.

೩

ಮೊದಲ ಕರಡಿನಲ್ಲಿ ನೀಲಗಂಗವ್ವ ಬದುಕುವುದಿಲ್ಲ. ಮರುದಿನ ಬಾಗಿಲು ತೆರೆದಾಗ ಕೆಂಪು ಚೀಲಗಳ ಸಾಲಿನಲ್ಲಿ ಅವಳು ನಿದ್ದೆ ಹೋದಂತೆ...

"ರೀ ಸಾಹೇಬ್ರ."

ಯಾರು?

"ಒಳಗಿನಾಕಿ. ನಿಮ್ಮ ಕಥಿ ಮುಗಿಯೂತನಕಾ ನಾ ಇಲ್ಲೇ ನಡುಗ್ಕೋಂತ ಕುಂದರ್ಲೇನು?"

"ಸ್ವಲ್ಪ ತಾಳಿಕೊಳ್ಳಿ ನೀಲಗಂಗವ್ವ. ನಿಮ್ಮ ಸಾವಿಗೆ ಒಂದು ಅರ್ಥವಿರುತ್ತದೆ."

"ಅಯ್ಯ ಇವ್ರ! ಹಾವೇರ್ಯಾವ್ರಾಗಿ ಹೆಂಗ ಪುಸ್ತಕದ ಮಾತ ಆಡ್ತೀರಿ. ಅರ್ಥಾ ತಗೊಂಡು ಏನ್ ಮಾಡ್ಲಿ ನಾನು? ಕೈಬೆರಳು ಜೋಮು ಹಿಡದಾವು. ನಾಳಿ ಐರಣ್ಯಾಗ ನನ್ನ ಮಗಳ ಕುಬಸ ಐತಿ. ರವಿಕಿ ಖಣ ತೊಗೊಂಡೇನಿ, ಇಲ್ಲೇ ಕೈಚೀಲದಾಗ ಐತಿ. ತವರಿನ ಖಣ ಬರ್ಲಿಲ್ಲಂದ್ರ ಆ ಹುಡುಗಿ ಹಾದಿ ನೋಡ್ಕೋಂತ ಕುಂದರ್ತಾಳ."

ಬಸುರಿ ಮಗಳ ವಿಷಯ ನನ್ನ ಟಿಪ್ಪಣಿಯಲ್ಲಿರಲಿಲ್ಲ. ಅದನ್ನು ಅವಳೇ ತಂದಳು. ನನಗೆ ನಿಜಕ್ಕೂ ನಾಚಿಕೆಯಾಯಿತು. ಕರಡನ್ನು ಹರಿದು ಹಾಕಿದೆ.

೩ (ಮತ್ತೆ)

ಎರಡನೇ ಅಂತ್ಯ: ಯಾರ್ಡಿನಲ್ಲಿ ಚಹಾ ಕುಡಿಯುತ್ತಿದ್ದ ಶೇಖಪ್ಪನಿಗೆ ಇದ್ದಕ್ಕಿದ್ದಂತೆ ಏನೋ ಹೊಳೆದು...

"ಏನೂ ಹೊಳಿಯಾಂಗಿಲ್ರಿ," ಎಂದ ಶೇಖಪ್ಪ. "ಒಳಗ ಮಂದಿ ಅದಾರಂತ ಗೊತ್ತಿದ್ರ ನಾ ಚಿಲಕ ಹಾಕ್ತಿದ್ನೇನ್ರಿ? ಬೈದೆ ಖರೇ. ಒಂದ್ ಸಲ ಒಳಗ ಹಣಿಕಿ ನೋಡ್ಲಿಲ್ಲ, ಅದೂ ಖರೇ. ಆದ್ರ ನನ್ನ ಕೆಟ್ಟಾಂವ ಮಾಡಬ್ಯಾಡ್ರಿ."

ಮಾಡಲಿಲ್ಲ. ಅವಸರದಲ್ಲಿ ಬಾಗಿಲು ಹಾಕಿದವನನ್ನು ಖಳನಾಯಕ ಮಾಡಿದರೆ ನಾನು ಎಲ್ಲಿ ನಿಲ್ಲಬೇಕು?

೫

(ನಾಲ್ಕರಲ್ಲಿ, ಆ ದಪ್ಪ ಗೋಡೆಗಳೊಳಗಿಂದ ಮೊಬೈಲ್ ಕರೆ ಏಕೆ ಹೋಗುವುದಿಲ್ಲ ಎಂಬುದರ ಕುರಿತು ಎರಡು ಪುಟ ಚಿಂತನೆಯಿತ್ತು. ನೀಲಗಂಗವ್ವ "ಲಗೂನ ಮಾಡ್ರಿ" ಅಂದಳು.)

ಎರಡು ಐವತ್ತು. ನೆಟ್ ಸರಿಯಿಲ್ಲವೆಂದು ಶೇಖಪ್ಪ ವಾರದಿಂದ ಕರೆಯುತ್ತಿದ್ದನಲ್ಲ, ಅರುಣಾ ಇವತ್ತು ಬಂದಿದ್ದಾಳೆ. ಆಫೀಸಿನಲ್ಲಿ ಕಾವಲಿನವನು ಕೀಲಿ ಕೊಟ್ಟು ಹೊರಗಿನ ಗೇಟಿಗೆ ಹೋದ. ಇಲ್ಲಿ ಒಂದು ಕಪ್ ಚಹಾದ ದೃಶ್ಯ ಇಟ್ಟಿದ್ದೆ.

"ಚಾ ಬ್ಯಾಡ್ರಿ!" ಒಳಗಿನಿಂದ ಕೂಗು.

ಚಹಾ ತೆಗೆದೆ. ಅರುಣಾ ಲ್ಯಾಪ್‌ಟಾಪ್ ತೆರೆದಳು. ಆಫೀಸು, ಪಡಸಾಲೆ, ಒಂದನೇ ಕೋಣೆ, ಎರಡನೇ ಕೋಣೆ ಎಲ್ಲಕ್ಕೂ ಹಸಿರು ಚುಕ್ಕಿ. ಮೂರಕ್ಕೆ ಕೆಂಪು. ಅವಳು ಶೇಖಪ್ಪನಿಗೆ ಫೋನ್ ಹಚ್ಚಿದಳು.

"ಮೂರನೇ ಕೋಣಿ ಭರ್ತಿ ಐತೇನ್ರಿ ಅಣ್ಣಾರ?"

"ಇರುವಿ ಹೋಗಾಕ ಜಾಗಿಲ್ರಿ ಮೇಡಂ. ಬಾಗಿಲಾನೂ ಹಾಕೇನಿ."

ಅರುಣಾ ಹಣೆ ಬಡಿದುಕೊಂಡಳು. "ಜನವರ್ಯಾಗ ಖಾಲಿ ಕೋಣಿ ಅಳದು ಹೋಗೇನಲ್ರೀ, ನನ್ನ ಬುದ್ಧಿಗಿಷ್ಟು!" ಮೂರನೇ ಕೋಣೆಗೆ ಹೋಗುವ ದಾರಿಯನ್ನು ಐದರಿಂದ ಎರಡು ಪಾಯಿಂಟ್ ನಾಲ್ಕಕ್ಕೆ ಬದಲಿಸಲು ಪಡಸಾಲೆಯ ಡಬ್ಬಿಗೆ ಹೇಳಿದಳು. ಒಳಗಿನ ಡಬ್ಬಿ ತಾನಾಗಿ ಹುಡುಕಿಕೊಂಡು ಬರಬೇಕು. ನಾಲ್ಕು ನಿಮಿಷ.

ಓದುಗರೇ, ನಾಲ್ಕು ನಿಮಿಷ ನಾನೇನು ಬರೆಯಲಿ? ನೀಲಗಂಗವ್ವನನ್ನೇ ಕೇಳಿದೆ, ಏನು ಮಾಡುತ್ತಿದ್ದೀರಿ?

"ಸ್ಕ್ಯಾನ್ ಮಾಡಾಕತ್ತೇನಿ. ಸುಮ್ಮನ ಕುಂತ್ರ ಮೈ ಸೆಟಿತೈತಿ. ಒದರಿ ಒದರಿ ಗಂಟಲ ಹೋತು, ಮಷೀನಿನ ಸಪ್ಪಳದಾಗ ಯಾರಿಗೂ ಕೇಳಾಂಗಿಲ್ಲ. ಅದಕ್ಕ ಒಂದ್ ಚೀಲಾ ಸ್ಕ್ಯಾನು, ನಾಕ್ ಹೆಜ್ಜಿ ಅಡ್ಡಾಡೂದು, ಮತ್ತೊಂದ್ ಚೀಲಾ."

ಕೆಂಪು ಚುಕ್ಕಿ ಹಳದಿಯಾಯಿತು. ಹಳದಿ ಹಸಿರಾಯಿತು.

ಅರುಣಾ "ಅಬ್ಬಾ!" ಎಂದು ಕುರ್ಚಿಗೆ ಒರಗಿದಳು. ಪಕ್ಕದ ಕಂಪ್ಯೂಟರಿನಲ್ಲಿ ಮೂರನೇ ಕೋಣೆಯಿಂದ ತಡೆದು ನಿಂತಿದ್ದ ಚೀಲಗಳ ಲೆಕ್ಕ ದಡದಡ ಬಂದಿಳಿಯಿತು. ನಲವತ್ತಾರು. ಶೇಖಪ್ಪ ಇನ್ನೂ ಫೋನಿನಲ್ಲೇ ಇದ್ದ.

"ಬಂತ್ರಿ ಅಣ್ಣಾರ. ಯಾರೋ ಫೋನ್ ಒಳಗ ಬಿಟ್ಟು ಹೋಗ್ಯಾರ ನೋಡ್ರಿ."

"ಮರ್ತಿರಬೇಕ್ರಿ. ನಾಳಿ ತಗೊಳ್ತಾರ ಬಿಡ್ರಿ."

ಅವಳು ಲ್ಯಾಪ್‌ಟಾಪ್ ಮುಚ್ಚಿದಳು. ಚೀಲ ಹೆಗಲಿಗೆ ಹಾಕಿದಳು. ನನ್ನ ಕರಡಿನಲ್ಲಿ ಅವಳು ಇಲ್ಲಿ ಹೊರಟುಹೋಗುತ್ತಾಳೆ, ಅದು ಮೂರನೇ ಅಂತ್ಯ, ಬಹಳ ಕ್ರೂರವಾದದ್ದು, ನನಗೆ ತುಂಬಾ ಹಿಡಿಸಿತ್ತು. ಆದರೆ ಅವಳು ಹೋಗಲಿಲ್ಲ. ಕಂಪ್ಯೂಟರನ್ನೇ ನೋಡುತ್ತ ನಿಂತಳು.

"ಅಣ್ಣಾರ, ನಲವತ್ತೇಳು ಆತು."

"ಏನ್ರಿ?"

"ಈಗ ನಲವತ್ತೆಂಟು. ಬಿಟ್ಟ ಹೋದ ಫೋನು ತಾನ ಚೀಲಾ ಸ್ಕ್ಯಾನ್ ಮಾಡ್ತೈತೇನ್ರಿ?"

ಆ ಕಡೆ ಯಾರ್ಡಿನ ಗದ್ದಲ ಮೀರಿ ಶೇಖಪ್ಪ ಕೂಗಿದ: "ಅಯ್ಯಯ್ಯಪ್ಪಾ! ನೀಲಗಂಗವ್ವ! ಓಡ್ರಿ ಮೇಡಂ, ಚಿಲಕ ತಗೀರಿ!"

ಓಡಿದಳು. ನಾನೂ ಓಡಿದೆ. ಲೇಖಕ ಓಡಬಾರದೆಂದು ಯಾರು ಹೇಳಿದ್ದು?

೬

ಬಾಗಿಲು ತೆರೆಯಿತು. ಥಂಡಿ ಹೊಗೆಯಂತೆ ಹೊರಗೆ ಹರಿಯಿತು, ಅದರ ಹಿಂದೆ ನೀಲಗಂಗವ್ವ, ತುಟಿ ನೀಲಿ, ಕೈಯಲ್ಲಿ ಫೋನು. ಅರುಣಾ ಅವಳನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು.

"ಒಳಗ ಇದ್ದಾಕಿ ನಾನು, ನೀ ಯಾಕ ಅಳ್ತೀ ತಂಗಿ?"

"ನಾ ಬರೋಬ್ಬರಿ ಅಳತಿ ಮಾಡಿದ್ರ ನೀವು ಬಾಗಿಲಾ ತಗದ ಇಡೋ ಪಾಳಿ ಬರ್ತಿರ್ಲಿಲ್ಲ ದೊಡ್ಡವ್ವ."

"ನೀ ಇವತ್ತ ಬರದಿದ್ರ ನಾನ ಇರ್ತಿರ್ಲಿಲ್ಲ. ಸಾಕ ಬಿಡು."

ಬಿಸಿಲಿನಲ್ಲಿ ಕೂರಿಸಿದೆವು. ತೆಗೆದುಹಾಕಿದ್ದ ಚಹಾವನ್ನು ಕಥೆಗೆ ವಾಪಸ್ ತಂದೆ. ಎರಡು ಕಪ್ ಕುಡಿದ ಮೇಲೆ ತುಟಿಗೆ ಬಣ್ಣ ಬಂತು. ಅಷ್ಟರಲ್ಲಿ ಶೇಖಪ್ಪ ಬಂದು, ಬೈಕು ನಿಲ್ಲಿಸುವುದನ್ನೂ ಮರೆತು ಬೀಳಿಸಿ, ಕೈಮುಗಿದು ನಿಂತ. ಅವಳು ಅವನನ್ನು ಬೈದ ಬೈಗುಳ ಇಲ್ಲಿ ಬರೆಯಲಾಗದು. ಅವನು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿದ. ನನ್ನ ಎದೆಯ ಮೇಲಿನ ಬಂಡೆ ಇಳಿದಂತಾಯಿತು. ಇಷ್ಟು ಹಗುರವಾಗಿ ನಾನು ಯಾವ ಕಥೆಯನ್ನೂ ಬರೆದಿಲ್ಲ. ಪ್ರಶಸ್ತಿ ಹೋಯಿತು, ಹೋಗಲಿ.

ಇಲ್ಲಿಗೆ ಕಥೆ ಮುಗಿ...

"ನನ್ನ ಖಣ!" ನೀಲಗಂಗವ್ವ ಎದ್ದು ನಿಂತಳು. "ಕೈಚೀಲಾ ಒಳಗ ಉಳೀತು."

ನಾನು ತರುತ್ತೇನೆಂದ ಶೇಖಪ್ಪ. ಯಾವ ಸಾಲಿನಲ್ಲಿದೆಯೆಂದು ತನಗೇ ಗೊತ್ತು, ಇವನು ಹುಡುಕುವಷ್ಟರಲ್ಲಿ ಐರಣಿಯ ಬಸ್ಸು ತಪ್ಪುತ್ತದೆ ಎಂದಳು. ಭರ್ತಿ ಕೋಣೆಯಲ್ಲಿ ಸಿಗ್ನಲ್ ಅಳೆಯಬೇಕು, ತಾನೂ ಜೊತೆಗೆ ಬರುತ್ತೇನೆ ಎಂದಳು ಅರುಣಾ. ಬಾಗಿಲ ಹತ್ತಿರ ಹೋದವರು ತಿರುಗಿ ನೋಡಿದರು. ಶೇಖಪ್ಪನನ್ನಲ್ಲ, ನನ್ನನ್ನು.

"ನೀವಽ ನಿಂದರ್ರಿ ಸಾಹೇಬ್ರ," ಎಂದಳು ನೀಲಗಂಗವ್ವ. "ನನ್ನ ಒಳಗ ಹಾಕಿದಾಂವ ನೀವು."

ಹೀಗಾಗಿ ನಾನು ಈಗ ಬಾಗಿಲ ಸಂದಿಯಲ್ಲಿ ಕಾಲು ಕೊಟ್ಟು ನಿಂತಿದ್ದೇನೆ. ಎರಡು ಪಾಯಿಂಟ್ ನಾಲ್ಕು ಕೊನೆಯ ಸಾಲಿನ ತನಕ ಮುಟ್ಟಿತೋ, ಖಣ ಸಿಕ್ಕಿತೋ, ನಾಳೆ ಮಗಳಿಗೆ ಅದು ಒಪ್ಪಿತೋ, ನನ್ನನ್ನು ಕೇಳಬೇಡಿ. ಅವರು ಹೊರಗೆ ಬರುವವರೆಗೆ ಇಲ್ಲಿಂದ ಕದಲುವಂತಿಲ್ಲ, ಮುಕ್ತಾಯ ಬರೆಯಲು ಕೈ ಖಾಲಿಯಿಲ್ಲ. ಒಂದು ಕೈಯಲ್ಲಿ ಬಾಗಿಲು, ಇನ್ನೊಂದರಲ್ಲಿ ಅರುಣಾ ಕೊಟ್ಟುಹೋದ ಲ್ಯಾಪ್‌ಟಾಪು. ಚುಕ್ಕಿ ಹಸಿರಾಗಿದೆ.

ಒಳಗಿನಿಂದ, ಚೀಲಗಳ ಆಚೆಯಿಂದ ದನಿ ಬಂತು.

"ಸಾಹೇಬ್ರ, ಅದೀರಿಲ್ಲೋ?"

"ಅದೇನವ್ವಾ," ಅಂದೆ. "ಇಲ್ಲೇ ಅದೇನಿ."